ನಾಳೆಯನ್ನು ಇಂದೇ ಕಿತ್ತುಕೊಂಡವನು: ‘ಮ್ಯಾಕ್‌ಬೆತ್’ ನಾಟಕದ ಪ್ರತಿಮೆಗಳು

ಪ್ರಶ್ನೆ: ಮಗಳು ಬಿ.ಎ. ತರಗತಿಗೆ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಓದುತ್ತಿದ್ದಾಳೆ. ಅವಳಿಗೆ ಜೊತೆಯಾಗಲೆಂದು ನಾನೂ ಓದಿದೆ. ಅವಳ ಟಿಪ್ಪಣಿ ಪುಸ್ತಕದಲ್ಲಿ ‘ವಸ್ತು: ಮಹತ್ವಾಕಾಂಕ್ಷೆ. ಪ್ರತಿಮೆಗಳು: ರಕ್ತ, ಕತ್ತಲೆ, ನಿದ್ದೆ, ಉಡುಪು, ಮಗು, ಗಿಡಮರ’ ಎಂದು ಬರೆಸಿದ್ದಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಇವುಗಳಿಗೂ ಮಹತ್ವಾಕಾಂಕ್ಷೆಗೂ ಏನು ನಂಟು? ಇನ್ನೊಂದು ಮಾತು. ಮನೆಗೆ ಅತಿಥಿಯಾಗಿ ಬಂದ ಮುದುಕನನ್ನು ಮಲಗಿದ್ದಲ್ಲೇ ಇರಿದು ಕೊಂದವನ ಕಥೆಯನ್ನು ದುರಂತವೆಂದು ಏಕೆ ಕರೆಯಬೇಕು? ಅವನಿಗೆ ಆದದ್ದು ತಕ್ಕ ಶಾಸ್ತಿಯಲ್ಲವೇ?

ಉತ್ತರ: ಆ ಪಟ್ಟಿಯಲ್ಲಿ ತಪ್ಪೇನೂ ಇಲ್ಲ. ಪ್ರತಿಮೆಯೆಂದರೆ ಇಲ್ಲಿ ಮಾತಿನಲ್ಲಿ ಮೂಡುವ ಚಿತ್ರ. ವಿಮರ್ಶಕ ಎ.ಸಿ. ಬ್ರಾಡ್ಲಿ 1904ರಲ್ಲಿಯೇ ಈ ನಾಟಕವನ್ನು ಕವಿದಿರುವ ಕತ್ತಲೆಯ ಬಗ್ಗೆ, ಅದರ ನಡುವೆ ಮಿನುಗುವ ರಕ್ತದ ಬಣ್ಣದ ಬಗ್ಗೆ ಬರೆದಿದ್ದರು. 1935ರಲ್ಲಿ ಕ್ಯಾರೊಲಿನ್ ಸ್ಪರ್ಜನ್ ಶೇಕ್ಸ್‌ಪಿಯರನ ಪ್ರತಿಮೆಗಳನ್ನೆಲ್ಲ ಆಯ್ದು ವಿಂಗಡಿಸಿದಾಗ, ಮೈಗೆ ಒಗ್ಗದ ಉಡುಪು ತೊಟ್ಟ ಮನುಷ್ಯನ ಚಿತ್ರ ಇಲ್ಲಿ ಮತ್ತೆ ಮತ್ತೆ ಬರುವುದನ್ನು ತೋರಿಸಿಕೊಟ್ಟರು. ತರಗತಿಯ ಟಿಪ್ಪಣಿಗಳಿಗೆ ಇಳಿದುಬಂದಿರುವುದು ಅಂಥ ಓದುಗಳ ಸಾರವೇ. ಕಷ್ಟವೆಂದರೆ, ಪಟ್ಟಿಗೆ ಸೇರಿದೊಡನೆ ಅವು ಬಿಡಿಬಿಡಿಯಾಗಿಬಿಡುತ್ತವೆ. ನಾಟಕದೊಳಗೆ ಅವೆಲ್ಲಕ್ಕೂ ಒಂದೇ ತಾಯಿಬೇರು ಇದೆ. ಅದು ಕೈಗೆ ಸಿಗಬೇಕಾದರೆ ಮೊದಲ ಅಂಕದ ಐದನೆಯ ದೃಶ್ಯಕ್ಕೆ ಹೋಗಿ.

ಗಂಡನ ಓಲೆ ಓದಿಕೊಂಡು ಲೇಡಿ ಮ್ಯಾಕ್‌ಬೆತ್ ನಿಂತಿದ್ದಾಳೆ. ಮೂವರು ಮಾಟಗಾತಿಯರು ಅವನನ್ನು ‘ಮುಂದೆ ದೊರೆಯಾಗುವವನೇ’ ಎಂದು ಕರೆದ ಸುದ್ದಿ ಅದರಲ್ಲಿದೆ. ಅವನು ಒಳಗೆ ಬಂದೊಡನೆ ಅವಳು ಹೇಳುವುದು ಇದು: ‘ನಿನ್ನ ಓಲೆ ನನ್ನನ್ನು ಏನೂ ಅರಿಯದ ಈ ವರ್ತಮಾನದಿಂದ ಆಚೆಗೆ ಒಯ್ದಿದೆ. ಬರಲಿರುವುದನ್ನು ಈ ಗಳಿಗೆಯಲ್ಲೇ ಅನುಭವಿಸುತ್ತಿದ್ದೇನೆ.’ ನನ್ನ ಮಟ್ಟಿಗೆ ನಾಟಕದ ಬೀಗದ ಕೈ ಈ ಮಾತಿನಲ್ಲಿದೆ. ಎತ್ತರಕ್ಕೆ ಏರುವ ಆಸೆಯನ್ನು ನಾಟಕ ಎಲ್ಲಿಯೂ ದೂರುವುದಿಲ್ಲ. ಯುದ್ಧ ಗೆದ್ದು ಬಂದ ಮ್ಯಾಕ್‌ಬೆತ್ತನಿಗೆ ದೊರೆ ಡಂಕನ್ ಕಾಡರ್ ಪ್ರಾಂತದ ಒಡೆತನ ಕೊಡುತ್ತಾನೆ. ಅದು ನ್ಯಾಯವಾಗಿ ಬಂದದ್ದು, ಎಲ್ಲರೂ ಮೆಚ್ಚುತ್ತಾರೆ. ಕೇಡು ಮೊಳೆಯುವುದು ಕಾಯಲಾರದ ಸಂಕಟದಲ್ಲಿ. ನಾಳೆ ಬರಬೇಕಾದದ್ದು ಇಂದೇ, ಈಗಲೇ ಬೇಕು ಎಂಬ ಹಸಿವೇ ಇಲ್ಲಿನ ಮಹತ್ವಾಕಾಂಕ್ಷೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಬಿತ್ತಿದ ಬೀಜ ತನ್ನ ಕಾಲಕ್ಕೆ ಮೊಳೆಯುತ್ತದೆ. ಮಗು ಹೊಟ್ಟೆಯಲ್ಲಿ ದಿನ ತುಂಬಬೇಕು, ಆಮೇಲೆ ವರ್ಷಗಟ್ಟಲೆ ಬೆಳೆಯಬೇಕು. ಹೊಸ ಬಟ್ಟೆ ಉಟ್ಟು ಉಟ್ಟು ಮೈಗೆ ಹೊಂದಬೇಕು. ನಿದ್ದೆಯಂತೂ ಕರೆದರೆ ಬರುವುದಲ್ಲ, ಅದಾಗಿಯೇ ಹತ್ತಬೇಕು. ಇವೆಲ್ಲವೂ ಕಾಲದ ಕೈಯಿಂದ ಮಾತ್ರ ನಮಗೆ ದಕ್ಕುವಂಥವು. ಕಿತ್ತುಕೊಳ್ಳಲು ಹೋದರೆ ಸಾಯುವಂಥವು. ಶೇಕ್ಸ್‌ಪಿಯರ್ ಆತುರದ ಎದುರಿಗೆ ಇವನ್ನು ಒಂದೊಂದಾಗಿ ತಂದು ನಿಲ್ಲಿಸುತ್ತಾನೆ. ಮ್ಯಾಕ್‌ಬೆತ್ ಒಂದೊಂದನ್ನೇ ಕೊಲ್ಲುತ್ತ ಹೋಗುತ್ತಾನೆ.

ಬೀಜದ ಮಾತು ಬಹಳ ಬೇಗ ಬರುತ್ತದೆ. ಮ್ಯಾಕ್‌ಬೆತ್ತನ ಜೊತೆಗಿದ್ದ ಸೇನಾನಿ ಬ್ಯಾಂಕೋ ಮಾಟಗಾತಿಯರಿಗೆ ಹೇಳುತ್ತಾನೆ: ‘ಕಾಲದ ಬೀಜಗಳೊಳಗೆ ಇಣುಕಿ ಯಾವ ಕಾಳು ಮೊಳೆಯುತ್ತದೆ, ಯಾವುದು ಮೊಳೆಯದು ಎಂದು ಹೇಳಬಲ್ಲಿರಾದರೆ ನನಗೂ ಹೇಳಿ.’ ಮರುದೃಶ್ಯದಲ್ಲಿ ಡಂಕನ್ ಮ್ಯಾಕ್‌ಬೆತ್ತನನ್ನು ಬರಮಾಡಿಕೊಳ್ಳುತ್ತ, ‘ನಿನ್ನನ್ನು ನೆಡಲು ತೊಡಗಿದ್ದೇನೆ, ನೀನು ತುಂಬಿ ಬೆಳೆಯುವಂತೆ ದುಡಿಯುತ್ತೇನೆ’ ಎನ್ನುತ್ತಾನೆ. ಬ್ಯಾಂಕೋನನ್ನು ಅಪ್ಪಿಕೊಂಡಾಗ ಅವನು ಕೊಡುವ ಉತ್ತರ, ‘ಅಲ್ಲಿ ನಾನು ಬೆಳೆದರೆ ಫಸಲು ನಿಮ್ಮದೇ.’ ದೊರೆ ಮತ್ತು ಸೇನಾನಿ ರೈತರ ಮಾತಿನಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ. ಅದೇ ದೃಶ್ಯದಲ್ಲಿ ಡಂಕನ್ ತನ್ನ ಮಗ ಮಾಲ್ಕಮನನ್ನು ಉತ್ತರಾಧಿಕಾರಿಯೆಂದು ಸಾರಿದಾಗ, ಮ್ಯಾಕ್‌ಬೆತ್ ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಬೇರೆಯೇ ಲೋಕದ್ದು: ‘ಇದೊಂದು ಮೆಟ್ಟಿಲು. ಎಡವಿ ಬೀಳಬೇಕು, ಇಲ್ಲವೇ ಹಾರಿ ದಾಟಬೇಕು.’ ಉಳಿದವರು ನೆಡುವ, ಬೆಳೆಯುವ ಮಾತಾಡುವಲ್ಲಿ ಅವನದು ಹಾರುವ ಮಾತು. ಇದನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವನಿಗೆ ಕಾಯುವ ದಾರಿ ತಿಳಿದಿರಲಿಲ್ಲವೆಂದಲ್ಲ. ಮಾಟಗಾತಿಯರ ಮಾತು ಕೇಳಿದ ಕೆಲವೇ ನಿಮಿಷಗಳಲ್ಲಿ ಅವನೇ ಅಂದುಕೊಳ್ಳುತ್ತಾನೆ: ‘ವಿಧಿಗೆ ನಾನು ದೊರೆಯಾಗುವುದು ಬೇಕಿದ್ದರೆ, ನಾನು ಕದಲದೆಯೇ ಅದು ನನಗೆ ಕಿರೀಟ ತೊಡಿಸಬಹುದು.’ ಇಷ್ಟು ನಿಚ್ಚಳವಾಗಿ ಕಂಡ ದಾರಿಯನ್ನು ಅವನು ಡಂಕನ್ ತನ್ನ ಮನೆಗೆ ಅತಿಥಿಯಾಗಿ ಬಂದ ಒಂದೇ ರಾತ್ರಿಯಲ್ಲಿ ಬಿಟ್ಟುಬಿಡುತ್ತಾನೆ. ಆ ರಾತ್ರಿಯ ಸ್ವಗತವನ್ನು, ಅಂದರೆ ಮೊದಲ ಅಂಕದ ಏಳನೆಯ ದೃಶ್ಯದ ಆರಂಭವನ್ನು, ನೀವು ಮತ್ತು ಮಗಳು ಗಟ್ಟಿಯಾಗಿ ಓದಬೇಕು. ‘ಮಾಡಿದ ಕೆಲಸ ಮಾಡಿದೊಡನೆ ಮುಗಿದುಹೋಗುವುದಾದರೆ ಬೇಗ ಮಾಡಿ ಮುಗಿಸುವುದೇ ಒಳ್ಳೆಯದು’ ಎಂದು ಅದು ತೊಡಗುತ್ತದೆ. ಇಂಗ್ಲಿಷಿನಲ್ಲಿ ‘ಡನ್’ ಎಂಬ ಪುಟ್ಟ ಪದ ಎರಡು ಸಾಲಿಗೆ ಮೂರು ಸಲ ಬಡಿಯುತ್ತದೆ. ಕೊಲೆ ಮಾಡಬೇಕು, ಆದರೆ ಅದರಿಂದ ಏನೂ ಹುಟ್ಟಬಾರದು; ಬೀಜ ಬಿತ್ತಬೇಕು, ಮೊಳೆಯಬಾರದು. ಕಾಲದ ಈ ಮರಳದಿಬ್ಬದ ಮೇಲೆ ಅಷ್ಟು ಸಿಕ್ಕರೆ ಸಾಕು, ಬರುವ ಲೋಕವನ್ನು ಹಾರಿಬಿಡುತ್ತೇನೆ ಎನ್ನುತ್ತಾನೆ. ಕೊನೆಯಲ್ಲಿ ತನ್ನ ಆಸೆಯನ್ನೇ ಕುದುರೆ ಏರಲು ಜಿಗಿದು ಜೀನಿನ ಮೇಲೆ ನಿಲ್ಲದೆ ಆಚೆಬದಿಗೆ ಉರುಳುವ ಸವಾರನಿಗೆ ಹೋಲಿಸುತ್ತಾನೆ. ಮೆಟ್ಟಿಲು ಹಾರುವೆನೆಂದವನಿಗೆ ತಾನು ಬೀಳುವ ಚಿತ್ರ ಬೀಳುವ ಮೊದಲೇ ಕಂಡಿದೆ.

ಈ ಸ್ವಗತದ ನಟ್ಟನಡುವೆ ಓದುಗರನ್ನು ತಬ್ಬಿಬ್ಬುಗೊಳಿಸುವ ಒಂದು ಚಿತ್ರವಿದೆ. ಡಂಕನ್ನನ ಕೊಲೆಯ ಸುದ್ದಿ ಹಬ್ಬಿದಾಗ ಜನರಲ್ಲಿ ಹುಟ್ಟುವ ಮರುಕವನ್ನು ಅವನು ‘ಬಿರುಗಾಳಿಯನ್ನೇರಿ ಬರುವ ಬೆತ್ತಲೆ ಹಸುಗೂಸು’ ಎನ್ನುತ್ತಾನೆ. ಆಗಷ್ಟೇ ಹುಟ್ಟಿದ ಕೂಸು ಗಾಳಿಯನ್ನು ಏರುವುದೆಂದರೇನು? ವಿಮರ್ಶಕ ಕ್ಲಿಯಾಂತ್ ಬ್ರೂಕ್ಸ್ 1947ರಲ್ಲಿ ಪುಸ್ತಕವಾಗಿ ಬಂದ ತನ್ನ ಪ್ರಬಂಧಗಳಲ್ಲಿ ಒಂದನ್ನು ಬಹುಮಟ್ಟಿಗೆ ಈ ಕೂಸಿನ ಸುತ್ತಲೇ ಕಟ್ಟಿದ. ಅವನ ಉತ್ತರ ನನಗೆ ಇಂದಿಗೂ ಒಪ್ಪಿಗೆ: ಕೂಸು ದುರ್ಬಲ, ನಿಜ, ಆದರೆ ಅದು ಭವಿಷ್ಯ. ಯಾವ ಖಡ್ಗಕ್ಕೂ ಸಿಗದ ಬಲ ಅದರದು. ಮುಂದಿನ ನಾಲ್ಕು ಅಂಕಗಳಲ್ಲಿ ಮ್ಯಾಕ್‌ಬೆತ್ ಹೋರಾಡುವುದು ಸೈನ್ಯಗಳ ವಿರುದ್ಧಕ್ಕಿಂತ ಹೆಚ್ಚಾಗಿ ಮಕ್ಕಳ ವಿರುದ್ಧ.

ನಮ್ಮಲ್ಲಿ ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂಬ ಗಾದೆ ಇದೆ. ಕೂಸು, ಬಟ್ಟೆ, ಆತುರ ಮೂರನ್ನೂ ನಾಲ್ಕು ಮಾತಿನಲ್ಲಿ ಒಟ್ಟಿಗೆ ಕಟ್ಟಿದ ಗಾದೆ ಅದು. ಈ ನಾಟಕದ ಭೀಕರತೆಗೆ ಅದು ತೀರ ಮೆತ್ತಗಿನ ಮಾತಾದೀತು, ಆದರೂ ಉಡುಪಿನ ಪ್ರತಿಮೆ ಎಲ್ಲಿಂದ ಬರುತ್ತದೆ ಎಂಬುದನ್ನು ಕನ್ನಡದ ಓದುಗರಿಗೆ ಒಡನೆ ತಿಳಿಸುತ್ತದೆ. ಕಾಡರ್ ಪ್ರಾಂತದ ಬಿರುದು ಬಂದಾಗ ಮ್ಯಾಕ್‌ಬೆತ್ ಕೇಳುವುದು, ‘ಎರವಲು ಬಟ್ಟೆಯನ್ನು ನನಗೇಕೆ ತೊಡಿಸುತ್ತೀರಿ?’ ಬ್ಯಾಂಕೋ ಪಕ್ಕಕ್ಕೆ ತಿರುಗಿ ಹೇಳುತ್ತಾನೆ: ಹೊಸ ಗೌರವಗಳು ಹೊಸ ಬಟ್ಟೆಯ ಹಾಗೆ, ಬಳಸುತ್ತ ಬಳಸುತ್ತ ಮೈಗೆ ಹೊಂದಿಕೊಳ್ಳುತ್ತವೆ. ಸ್ವಗತದ ಬಳಿಕ ಮ್ಯಾಕ್‌ಬೆತ್ ಹಿಂಜರಿಯುವಾಗ ಹೆಂಡತಿಗೆ ಕೊಡುವ ಕಾರಣವೂ ಬಟ್ಟೆಯದೇ: ಜನ ನನ್ನ ಬಗ್ಗೆ ಆಡುತ್ತಿರುವ ಹೊನ್ನಿನಂಥ ಮಾತುಗಳನ್ನು ಹೊಸ ಹೊಳಪು ಇರುವಾಗಲೇ ಉಟ್ಟುಕೊಳ್ಳಬೇಕು, ಇಷ್ಟು ಬೇಗ ಕಳಚಿ ಎಸೆಯಬಾರದು. ಐದನೆಯ ಅಂಕಕ್ಕೆ ಬರುವ ಹೊತ್ತಿಗೆ ಕಿರೀಟದೊಡನೆ ಬಂದ ಉಡುಪು ಅವನ ಮೈಗೆ ಹೊಂದಲೇ ಇಲ್ಲ. ‘ದೊರೆತನ ಅವನ ಮೇಲೆ ಜೋತಾಡುತ್ತಿದೆ, ಕುಳ್ಳ ಕಳ್ಳನ ಮೈಮೇಲೆ ದೈತ್ಯನ ನಿಲುವಂಗಿಯ ಹಾಗೆ’ ಎಂದು ಸ್ಕಾಟ್ ಸರದಾರನೊಬ್ಬ ಹೇಳುತ್ತಾನೆ. ಸ್ಪರ್ಜನ್ ಎತ್ತಿ ತೋರಿಸಿದ್ದು ಈ ಸಾಲನ್ನೇ. ಅದರಲ್ಲಿ ಕುಳ್ಳತನಕ್ಕಿಂತ ಕಳ್ಳತನ ಮುಖ್ಯವೆಂದು ನನಗೆ ತೋರುತ್ತದೆ. ಮೊದಲ ಅಂಕದ ಮ್ಯಾಕ್‌ಬೆತ್ ಕುಳ್ಳನಾಗಿರಲಿಲ್ಲ. ಕದ್ದ ಬಟ್ಟೆಯೊಳಗೆ ಸಣ್ಣವನಾದ.

ಈಗ ಕೊಲೆಯ ರಾತ್ರಿ. ಎರಡನೆಯ ಅಂಕದ ಎರಡನೆಯ ದೃಶ್ಯ. ಕೊಲೆಯನ್ನು ಶೇಕ್ಸ್‌ಪಿಯರ್ ರಂಗದ ಮೇಲೆ ತೋರಿಸುವುದಿಲ್ಲ. ಕೆಳಗೆ ಅಂಗಳದಲ್ಲಿ ಹೆಂಡತಿ ಕಿವಿ ನಿಮಿರಿಸಿ ನಿಂತಿದ್ದಾಳೆ. ಅವನು ಇಳಿದು ಬರುತ್ತಾನೆ. ‘ಮಾಡಿಬಂದೆ. ಏನಾದರೂ ಸದ್ದು ಕೇಳಿಸಿತೇ?’ ‘ಗೂಬೆ ಕೂಗಿತು, ಜೀರುಂಡೆಗಳು ಚೀರಿದವು. ನೀನು ಮಾತಾಡಲಿಲ್ಲವೇ?’ ‘ಯಾವಾಗ?’ ‘ಈಗ.’ ‘ಇಳಿಯುವಾಗಲೇ?’ ‘ಹೂಂ.’ ಇಡೀ ಸಾಮ್ರಾಜ್ಯದ ಕನಸು ಕಂಡ ಇಬ್ಬರ ನಡುವೆ ಉಳಿದಿರುವ ಮಾತು ಇಷ್ಟು. ಭವಿಷ್ಯವನ್ನು ಈ ಗಳಿಗೆಗೆ ಎಳೆದು ತಂದದ್ದಾಯಿತು. ಆ ಗಳಿಗೆ ಬಂದಾಗ ಅದರಲ್ಲಿ ಇರುವುದು ‘ಯಾವಾಗ’, ‘ಈಗ’ ಎಂಬ ಎರಡು ಬೆದರಿದ ಪದಗಳು. ಇಷ್ಟೊತ್ತು ಅವನ ಕೈಯಲ್ಲಿ ರಕ್ತ ಮೆತ್ತಿದ ಬಾಕುಗಳು ಇವೆ. ಅವನ್ನು ಅಲ್ಲೇ ಕಾವಲುಗಾರರ ಬಳಿ ಬಿಟ್ಟು ಬರಬೇಕಿತ್ತು, ಬಿಟ್ಟುಬರಲು ಮರೆತಿದ್ದಾನೆ. ಅವಳೂ ಕೂಡಲೇ ಗಮನಿಸುವುದಿಲ್ಲ. ನಟರಿಗೆ ಈ ದೃಶ್ಯ ಎಷ್ಟು ಕಷ್ಟವೆಂದರೆ, ಇಲ್ಲಿ ಅಬ್ಬರಿಸಿದವರು ಸೋಲುತ್ತಾರೆ. ಪಿಸುಮಾತಿಗಿಂತ ಒಂದಿಷ್ಟೂ ಏರಬಾರದು.

ಅಲ್ಲಿ ಅವನು ಎರಡು ಸಂಗತಿ ಹೇಳುತ್ತಾನೆ. ಪಕ್ಕದ ಕೋಣೆಯಲ್ಲಿ ಮಲಗಿದ್ದವರು ‘ದೇವರು ಕಾಯಲಿ’ ಎಂದಾಗ ತನ್ನ ಬಾಯಿಂದ ‘ಆಮೆನ್’ ಹೊರಡಲಿಲ್ಲ, ಗಂಟಲಲ್ಲೇ ಸಿಕ್ಕಿಕೊಂಡಿತು. ಮತ್ತೆ, ಯಾರೋ ‘ಇನ್ನು ನಿದ್ದೆಯಿಲ್ಲ, ಮ್ಯಾಕ್‌ಬೆತ್ ನಿದ್ದೆಯನ್ನು ಕೊಂದ’ ಎಂದು ಕೂಗಿದ್ದು ಕೇಳಿಸಿತು. ಆಮೇಲೆ ಬರುವ ಸಾಲುಗಳೇ ನಿಮ್ಮ ಎರಡನೆಯ ಪ್ರಶ್ನೆಗೆ ನನ್ನ ಉತ್ತರದ ಅರ್ಧ ಭಾಗ. ‘ಸಿಕ್ಕುಗಟ್ಟಿದ ಚಿಂತೆಯ ನೂಲನ್ನು ಬಿಡಿಸಿ ಹೆಣೆಯುವ ನಿದ್ದೆ, ದಿನದಿನದ ಬದುಕಿನ ಸಾವು, ದುಡಿದ ಮೈಗೆ ಮೀಯುವ ನೀರು, ನೊಂದ ಮನಸ್ಸಿಗೆ ಮುಲಾಮು, ಬದುಕಿನ ಹಬ್ಬದೂಟದಲ್ಲಿ ಎಲ್ಲಕ್ಕಿಂತ ಪುಷ್ಟಿಯ ತುತ್ತು.’ ನಿದ್ದೆಯನ್ನು ಇಷ್ಟು ಚೆನ್ನಾಗಿ ಹಾಡಿದ ಇನ್ನೊಬ್ಬರನ್ನು ನಾನರಿಯೆ. ಹಾಡುತ್ತಿರುವವನು ನಿದ್ದೆಯಲ್ಲಿದ್ದ ಮುದುಕನನ್ನು ಆಗತಾನೇ ಇರಿದು ಬಂದಿದ್ದಾನೆ. ತಾನು ಕೊಂದದ್ದು ಏನೆಂಬುದು ಅವನಿಗೆ ಎಲ್ಲರಿಗಿಂತ ಹೆಚ್ಚು ಗೊತ್ತು.

ಆಗ ಹೊರಗೆ ಯಾರೋ ಬಾಗಿಲು ಬಡಿಯತೊಡಗುತ್ತಾರೆ. ಇಂಗ್ಲಿಷ್ ಲೇಖಕ ಡಿ ಕ್ವಿನ್ಸಿ 1823ರಲ್ಲಿ ಈ ಬಡಿತದ ಮೇಲೆಯೇ ಒಂದು ಪ್ರಬಂಧ ಬರೆದ. ಕೊಲೆಯ ಹೊತ್ತಿಗೆ ಲೋಕ ಉಸಿರು ಹಿಡಿದು ನಿಂತಿತ್ತು; ಬಾಗಿಲ ಸದ್ದು ಕೇಳಿದಾಗ ಬದುಕಿನ ನಾಡಿ ಮತ್ತೆ ಮಿಡಿಯುತ್ತದೆ, ಆದ್ದರಿಂದಲೇ ನಮಗೆ ಹಿಂದಿನ ನಿಲುಗಡೆಯ ಭಯ ತಿಳಿಯುತ್ತದೆ ಎಂಬುದು ಅವನ ವಾದ. ನಮ್ಮ ಮಾತಿಗೆ ತಂದುಕೊಂಡರೆ, ಹಾರಿ ದಾಟಿಬಿಟ್ಟೆ ಎಂದುಕೊಂಡ ಕಾಲವೇ ಬಂದು ಕದ ತಟ್ಟುತ್ತಿದೆ.

ರಕ್ತದ ಪ್ರತಿಮೆಯನ್ನು ಎಲ್ಲರೂ ಗಮನಿಸುತ್ತಾರೆ, ಆದ್ದರಿಂದ ಅದರ ಬಣ್ಣದ ಬದಲು ಅದರ ಭಾಷೆಯನ್ನು ತೋರಿಸುತ್ತೇನೆ. ‘ನೆಪ್ಚೂನನ ಕಡಲೆಲ್ಲ ಸೇರಿ ಈ ಕೈಯನ್ನು ತೊಳೆದೀತೇ? ಇಲ್ಲ, ಈ ಕೈಯೇ ಕಡಲುಗಳನ್ನು ಕೆಂಪಾಗಿಸುತ್ತದೆ’ ಎನ್ನುವಲ್ಲಿ ಮ್ಯಾಕ್‌ಬೆತ್ ‘ಮಲ್ಟಿಟ್ಯೂಡಿನಸ್’, ‘ಇನ್‌ಕಾರ್ನಡೈನ್’ ಎಂಬ ಲ್ಯಾಟಿನ್ ಮೂಲದ ಭಾರದ ಪದಗಳನ್ನು ಉರುಳಿಸಿ, ಮರುಸಾಲಿನಲ್ಲಿ ‘ಗ್ರೀನ್’, ‘ಒನ್’, ‘ರೆಡ್’ ಎಂಬ ತುಂಡು ಇಂಗ್ಲಿಷ್ ಪದಗಳಿಗೆ ಇಳಿಯುತ್ತಾನೆ. ಸಂಸ್ಕೃತ ಸಮಾಸದಿಂದ ಅಚ್ಚಗನ್ನಡಕ್ಕೆ ಇಳಿಯುವ ಸದ್ದನ್ನು ಬಲ್ಲ ನಮಗೆ ಇದು ಬೇಗ ಕೇಳಿಸುತ್ತದೆ: ‘ಅಗಣಿತ ಸಾಗರಗಳನ್ನು ಶೋಣಿತವರ್ಣಗೊಳಿಸಿ’ ಎಂದು ಅಲೆ ಎದ್ದು, ‘ಹಸಿರೆಲ್ಲ ಕೆಂಪಾಯಿತು’ ಎಂದು ದಡಕ್ಕೆ ಅಪ್ಪಳಿಸಿದ ಹಾಗೆ. 1895ರಲ್ಲಿ ಎಂ.ಎಲ್. ಶ್ರೀಕಂಠೇಶಗೌಡರು ಈ ನಾಟಕವನ್ನು ‘ಪ್ರತಾಪರುದ್ರದೇವ’ವಾಗಿ ಕನ್ನಡಕ್ಕೆ ತಂದಾಗಿನಿಂದ ಇಲ್ಲಿಯವರೆಗೆ ಇದನ್ನು ಕನ್ನಡಿಸಿದವರೆಲ್ಲ ಎದುರಿಸಬೇಕಾದ ಸಾಲು ಇದು. ಇದಕ್ಕೆ ಹೆಂಡತಿಯ ಮರುಮಾತು, ‘ಸ್ವಲ್ಪ ನೀರು ಸಾಕು, ತೊಳೆದುಹೋಗುತ್ತದೆ.’

ಹೋಗಲಿಲ್ಲ. ಐದನೆಯ ಅಂಕದ ಆರಂಭದಲ್ಲಿ ಅವಳು ನಿದ್ದೆಯಲ್ಲಿ ನಡೆಯುತ್ತ, ಕೈ ಉಜ್ಜಿಕೊಳ್ಳುತ್ತ ಬರುತ್ತಾಳೆ. ‘ದಟ್ಟ ಇರುಳೇ ಬಾ’ ಎಂದು ಕರೆದಿದ್ದವಳು ಈಗ ಪಕ್ಕದಲ್ಲಿ ಸದಾ ದೀಪ ಉರಿಯುತ್ತಿರಬೇಕೆಂದು ಅಪ್ಪಣೆ ಮಾಡಿದ್ದಾಳೆ. ಮೊದಲು ಉಕ್ಕಿನಂಥ ಪದ್ಯದಲ್ಲಿ ಮಾತಾಡಿದವಳಿಗೆ ಇಲ್ಲಿ ತುಂಡುತುಂಡಾದ ಗದ್ಯ. ‘ಒಂದು, ಎರಡು. ಸರಿ, ಮಾಡುವ ಹೊತ್ತಾಯಿತು.’ ‘ಮುದುಕನ ಮೈಯಲ್ಲಿ ಇಷ್ಟು ರಕ್ತ ಇದ್ದೀತೆಂದು ಯಾರು ಎಣಿಸಿದ್ದರು?’ ‘ಫೈಫ್‌ನ ಒಡೆಯನಿಗೆ ಹೆಂಡತಿ ಇದ್ದಳು. ಈಗ ಎಲ್ಲಿದ್ದಾಳೆ?’ ಗಮನಿಸಿ, ಗಡಿಯಾರ ಅದೇ ರಾತ್ರಿಯನ್ನು ಮತ್ತೆ ಹೊಡೆಯುತ್ತಿದೆ, ಬಾಗಿಲು ಮತ್ತೆ ಬಡಿಯುತ್ತಿದೆ. ಬರಲಿರುವುದನ್ನು ಮುಂಚಿತವಾಗಿ ಸವಿದವಳು ಕಳೆದುಹೋದ ಒಂದು ರಾತ್ರಿಯೊಳಗೆ ಸಿಕ್ಕಿಬಿದ್ದಿದ್ದಾಳೆ. ಅವಳನ್ನು ಬರಿಯ ರಾಕ್ಷಸಿಯೆಂದು ಕಾಣುವವರು ಈ ದೃಶ್ಯದಲ್ಲಿ ಅವಳ ಕೈಯ ಮೇಲೆ ಕಣ್ಣಿಡಬೇಕು. ಕೊಲೆಯ ರಾತ್ರಿಯೇ ಅವಳು, ‘ಮಲಗಿದ್ದಾಗ ನನ್ನ ಅಪ್ಪನ ಹಾಗೆ ಕಾಣದಿದ್ದರೆ ನಾನೇ ಮಾಡಿಬಿಡುತ್ತಿದ್ದೆ’ ಎಂದಿದ್ದಳು.

ಇಲ್ಲಿ ಇತಿಹಾಸದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಿಜವಾದ ಮ್ಯಾಕ್‌ಬೆತ್ ಸ್ಕಾಟ್ಲೆಂಡನ್ನು 1040ರಿಂದ 1057ರವರೆಗೆ ಹದಿನೇಳು ವರ್ಷ ಆಳಿದ. ಡಂಕನ್ ಸತ್ತದ್ದು ಹಾಸಿಗೆಯಲ್ಲಲ್ಲ, ಯುದ್ಧದಲ್ಲಿ. ಅವನು ಮುದುಕನೂ ಆಗಿರಲಿಲ್ಲ. ಶೇಕ್ಸ್‌ಪಿಯರ್ ಕಥೆ ತೆಗೆದುಕೊಂಡ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿಯೂ ಮ್ಯಾಕ್‌ಬೆತ್ ಹತ್ತು ವರ್ಷ ಒಳ್ಳೆಯ ದೊರೆಯಾಗಿಯೇ ಆಳುತ್ತಾನೆ, ಬ್ಯಾಂಕೋ ಕೊಲೆಯಲ್ಲಿ ಅವನ ಜೊತೆಗಾರ. ನಾಟಕಕಾರ ಆ ವರ್ಷಗಳನ್ನು ಪೂರ್ತಿ ಅಳಿಸಿಬಿಟ್ಟ. ಬ್ಯಾಂಕೋನನ್ನು ಒಳ್ಳೆಯವನನ್ನಾಗಿಸಿದ್ದಕ್ಕೆ ಕಾರಣ ಸುಲಭ: 1603ರಲ್ಲಿ ಇಂಗ್ಲೆಂಡಿನ ಗದ್ದುಗೆ ಏರಿದ ಮೊದಲನೆಯ ಜೇಮ್ಸ್ ತನ್ನ ವಂಶ ಬ್ಯಾಂಕೋನಿಂದ ಬಂದದ್ದೆಂದು ನಂಬಿದ್ದ, ಶೇಕ್ಸ್‌ಪಿಯರನ ತಂಡ ಅದೇ ದೊರೆಯ ಆಶ್ರಯದಲ್ಲಿತ್ತು. ಆದರೆ ಹತ್ತು ವರ್ಷಗಳನ್ನು ಅಳಿಸಿದ್ದಕ್ಕೆ ಕಾರಣ ರಂಗದ್ದು. ಕಿರೀಟ ತೊಟ್ಟ ಮರುಗಳಿಗೆಯಿಂದ ಮ್ಯಾಕ್‌ಬೆತ್ತನಿಗೆ ಒಂದು ದಿನವೂ ನೆಮ್ಮದಿ ಇರಬಾರದು, ಬಟ್ಟೆ ಮೈಗೆ ಹೊಂದಲು ಬಿಡುವೇ ಸಿಗಬಾರದು. ಶೇಕ್ಸ್‌ಪಿಯರನ ದುರಂತಗಳಲ್ಲೆಲ್ಲ ಇದೇ ಚಿಕ್ಕದು, ಓಡುವ ನಾಟಕ.

ನಾಟಕ ಬರೆದದ್ದು 1606ರ ಸುಮಾರಿಗೆ. ಹಿಂದಿನ ನವೆಂಬರಿನಲ್ಲಿ ಸಂಸತ್ತಿನ ಕಟ್ಟಡವನ್ನೇ ದೊರೆಯ ಸಮೇತ ಸಿಡಿಸುವ ಸಂಚು ಬಯಲಾಗಿತ್ತು. ವಿಚಾರಣೆಯಲ್ಲಿ ಎರಡರ್ಥದ ಮಾತಿನ ಪ್ರಶ್ನೆ ದೊಡ್ಡದಾಗಿ ಎದ್ದಿತ್ತು. ಬಾಗಿಲು ಕಾಯುವವನ ಮಾತಿನಲ್ಲಿ ಅದರ ನೆರಳಿದೆ, ಮಾಟಗಾತಿಯರ ನುಡಿಯಲ್ಲಿಯೂ ಇದೆ. ‘ಒಳಿತೇ ಕೆಡುಕು, ಕೆಡುಕೇ ಒಳಿತು’ ಎಂದು ಅವರು ಹಾಡಿ ಮರೆಯಾದ ಮೇಲೆ ರಂಗಕ್ಕೆ ಬರುವ ಮ್ಯಾಕ್‌ಬೆತ್ತನ ಮೊಟ್ಟಮೊದಲ ಮಾತು, ‘ಇಷ್ಟು ಕೆಟ್ಟ, ಇಷ್ಟು ಒಳ್ಳೆಯ ದಿನವನ್ನು ನಾನು ಕಂಡಿಲ್ಲ.’ ಅವರನ್ನು ನೋಡುವ ಮೊದಲೇ ಅವರ ಪದಗಳು ಅವನ ನಾಲಿಗೆಯ ಮೇಲಿವೆ.

ಮಕ್ಕಳ ಕಡೆಗೆ ಬರೋಣ. ದೊರೆಯಾದೊಡನೆ ಮ್ಯಾಕ್‌ಬೆತ್ತನನ್ನು ಕೊರೆಯುವುದು ‘ಫಲವಿಲ್ಲದ ಕಿರೀಟ, ಬಂಜೆ ರಾಜದಂಡ.’ ಮಾಟಗಾತಿಯರು ದೊರೆಗಳ ಸಾಲನ್ನು ಬ್ಯಾಂಕೋನ ವಂಶಕ್ಕೆ ಕೊಟ್ಟಿದ್ದಾರೆ. ಬ್ಯಾಂಕೋನನ್ನೂ ಅವನ ಎಳೆಯ ಮಗ ಫ್ಲಿಯಾನ್ಸನನ್ನೂ ಕೊಲ್ಲಲು ಆಳುಗಳನ್ನು ಕಳಿಸುತ್ತಾನೆ. ತಂದೆ ಸಾಯುತ್ತಾನೆ, ಹಂತಕರಲ್ಲಿ ಯಾರೋ ಪಂಜು ಆರಿಸಿದ ಕತ್ತಲೆಯಲ್ಲಿ ಹುಡುಗ ತಪ್ಪಿಸಿಕೊಳ್ಳುತ್ತಾನೆ. ಕತ್ತಲೆಯನ್ನು ಕರೆದದ್ದು ಮ್ಯಾಕ್‌ಬೆತ್. ಆ ಕತ್ತಲೆಯೇ ಕೂಸನ್ನು ಕಾಪಾಡಿತು. ಮುಂದೆ ನಾಲ್ಕನೆಯ ಅಂಕದಲ್ಲಿ ಮಾಟಗಾತಿಯರು ಅವನಿಗೆ ತೋರಿಸುವ ಮೂರು ರೂಪಗಳಲ್ಲಿ ಎರಡು ಮಕ್ಕಳೇ: ರಕ್ತದಲ್ಲಿ ತೊಯ್ದ ಮಗು, ಕೈಯಲ್ಲಿ ಮರ ಹಿಡಿದ ಕಿರೀಟಧಾರಿ ಮಗು. ಮ್ಯಾಕ್‌ಬೆತ್ ಅವು ಆಡುವ ಮಾತಿಗೆ ಕಿವಿಗೊಡುತ್ತಾನೆ, ಅವು ಏನೆಂದು ಕಣ್ಣಿಟ್ಟು ನೋಡುವುದಿಲ್ಲ. ಫೈಫ್‌ನ ಒಡೆಯ ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿಹೋದ ಸುದ್ದಿ ಬಂದಾಗ, ‘ಕಾಲವೇ, ನನ್ನ ಕೆಲಸಗಳಿಗಿಂತ ನೀನೇ ಮುಂದೆ ಓಡಿದೆ’ ಎಂದು ಕಾಲವನ್ನೇ ಬೈದು ಶಪಥ ಮಾಡುತ್ತಾನೆ: ‘ಇನ್ನು ಮೇಲೆ ಮನಸ್ಸಿನ ಚೊಚ್ಚಲೇ ಕೈಯ ಚೊಚ್ಚಲು.’ ಇಂಗ್ಲಿಷಿನ ಪದವೂ ‘ಚೊಚ್ಚಲು’ ಎಂಬ ಅರ್ಥದ್ದೇ. ಆಸೆಗೂ ಕೃತ್ಯಕ್ಕೂ ನಡುವೆ ಒಂದು ಉಸಿರಿನಷ್ಟು ಎಡೆಯೂ ಬೇಡ ಎಂಬಲ್ಲಿಗೆ ಆತುರ ಮುಟ್ಟಿದೆ. ಆ ಚೊಚ್ಚಲು ಕೃತ್ಯ ಏನು? ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳ ಕೊಲೆ. ಡಂಕನ್ನನ ಕೊಲೆಯನ್ನು ಮರೆಯಲ್ಲಿಟ್ಟ ನಾಟಕ, ತಾಯಿಯೊಡನೆ ಚುರುಕಾಗಿ ಮಾತಾಡುತ್ತಿದ್ದ ಆ ಹುಡುಗನ ಕೊಲೆಯನ್ನು ನಮ್ಮ ಕಣ್ಣೆದುರೇ ನಡೆಸುತ್ತದೆ.

ಸುದ್ದಿ ಮ್ಯಾಕ್‌ಡಫ್‌ಗೆ ಮುಟ್ಟಿದಾಗ ಅವನು ಟೋಪಿಯನ್ನು ಹುಬ್ಬಿನ ಮೇಲೆ ಎಳೆದುಕೊಂಡು ಸುಮ್ಮನಾಗುತ್ತಾನೆ. ಆಮೇಲೆ, ‘ನನ್ನ ಮಕ್ಕಳೂ?’ ಮತ್ತೆ, ‘ಹೆಂಡತಿಯೂ?’ ಹೇಳಿದ್ದನ್ನೇ ಮತ್ತೆ ಕೇಳುತ್ತಾನೆ. ‘ಎಲ್ಲ ಮುದ್ದುಮರಿಗಳೂ? ಎಲ್ಲರೂ ಎಂದೆಯಾ?’ ಗಂಡಸಿನ ಹಾಗೆ ತಾಳಿಕೋ ಎಂದು ಮಾಲ್ಕಂ ಹೇಳಿದಾಗ ಅವನು ಕೊಡುವ ಉತ್ತರ ನಾಟಕದ ಅತ್ಯಂತ ಮಾನವೀಯವಾದ ಸಾಲು: ‘ತಾಳಿಕೊಳ್ಳುತ್ತೇನೆ. ಆದರೆ ಗಂಡಸಿನ ಹಾಗೆ ಅನುಭವಿಸಲೂ ಬೇಕು.’ ದುಃಖಕ್ಕೆ ಅದರ ಹೊತ್ತನ್ನು ಕೊಡುವ ಮನುಷ್ಯ ಇವನು. ಮ್ಯಾಕ್‌ಬೆತ್ತನ ಎದುರು ನಿಲ್ಲಲು ಇವನಿಗಿರುವ ಯೋಗ್ಯತೆ ಖಡ್ಗಕ್ಕಿಂತ ಮೊದಲು ಇಲ್ಲಿ ಕಾಣುತ್ತದೆ.

ಗಿಡಮರಗಳಿಗೆ ಕೊನೆಯಲ್ಲಿ ಬಂದೆ, ಏಕೆಂದರೆ ಅವೂ ಕೊನೆಯಲ್ಲಿಯೇ ಬರುತ್ತವೆ, ಅಕ್ಷರಶಃ ನಡೆದುಕೊಂಡು. ಬರ್ನಂ ಕಾಡು ಡನ್ಸಿನೇನ್ ಬೆಟ್ಟಕ್ಕೆ ಬರುವವರೆಗೆ ನಿನಗೆ ಸೋಲಿಲ್ಲ ಎಂಬ ನುಡಿಯನ್ನು ನಂಬಿ ಕುಳಿತವನ ಕಡೆಗೆ, ಸೈನಿಕರು ಕೊಂಬೆ ಕಡಿದು ಹಿಡಿದು ನಡೆದಾಗ ಕಾಡೇ ಬರುತ್ತದೆ. ಡಂಕನ್ ನೆಟ್ಟು ಬೆಳೆಸುವೆನೆಂದವನು ‘ನನ್ನ ಬಾಳು ಬಾಡಿ ಹಳದಿ ಎಲೆಯಾಗಿದೆ’ ಎನ್ನುತ್ತಿರುವಾಗ ಎದುರಿಗೆ ಹಸಿರು ಸಾಲುಸಾಲಾಗಿ ಏರಿ ಬರುತ್ತಿದೆ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ಈ ನಾಟಕವನ್ನು ಯಕ್ಷಗಾನದ ಕುಣಿತ ಬಳಸಿ ಹಿಂದಿಯಲ್ಲಿ ಆಡಿಸಿದಾಗ ಅದರ ಹೆಸರು ‘ಬರ್ನಂ ವನ’ ಎಂದಿತ್ತು. ನಾಯಕನ ಹೆಸರನ್ನು ಬಿಟ್ಟು ಕಾಡಿನ ಹೆಸರನ್ನು ಮುಂದೆ ತಂದದ್ದು ನಾಟಕವನ್ನು ಬೇರಿನವರೆಗೆ ಓದಿದವರ ಆಯ್ಕೆ ಎಂದು ನನ್ನ ಭಾವನೆ. ಕೊನೆಗೆ ಮ್ಯಾಕ್‌ಬೆತ್ತನನ್ನು ಕೊಲ್ಲುವ ಮ್ಯಾಕ್‌ಡಫ್ ಎಂಥವನು? ದಿನ ತುಂಬುವ ಮುನ್ನ ತಾಯಿಯ ಹೊಟ್ಟೆ ಸೀಳಿ ತೆಗೆದವನು. ಅಕಾಲದಲ್ಲಿ ಕಿರೀಟ ಕಿತ್ತುಕೊಂಡವನಿಗೆ ಅಕಾಲದಲ್ಲಿ ಕಿತ್ತು ತೆಗೆದ ಕೂಸೇ ಎದುರಾಳಿ.

ನಿಮ್ಮ ಎರಡನೆಯ ಪ್ರಶ್ನೆಯ ಉತ್ತರದ ಇನ್ನರ್ಧ ಉಳಿದಿದೆ. ತಕ್ಕ ಶಾಸ್ತಿ ಎಂದಿರಿ. ಒಪ್ಪುತ್ತೇನೆ, ನಾಟಕವೂ ಒಪ್ಪುತ್ತದೆ. ಆದರೆ ಶಾಸ್ತಿ ತಕ್ಕದ್ದಾದ ಮಾತ್ರಕ್ಕೆ ನಷ್ಟ ಸಣ್ಣದಾಗುವುದಿಲ್ಲ. ಮುಪ್ಪಿನಲ್ಲಿ ಜೊತೆಗಿರಬೇಕಾದ ಗೌರವ, ಪ್ರೀತಿ, ವಿಧೇಯತೆ, ಗೆಳೆಯರ ಬಳಗ ತನಗೆ ಸಿಗುವುದಿಲ್ಲ ಎಂದು ಅವನೇ ಒಂದೊಂದಾಗಿ ಎಣಿಸಿ ಹೇಳುತ್ತಾನೆ. ಬದಲಿಗೆ ಸಿಕ್ಕಿರುವುದು ಜನ ಗಟ್ಟಿಯಾಗಿ ಆಡಲಾರದ ಆಳದ ಶಾಪ. ಆಗಲೇ ಹೆಂಡತಿ ಸತ್ತ ಸುದ್ದಿ ಬರುತ್ತದೆ. ಅವನ ಮಾತು ಕೇಳಿ: ‘ಆಮೇಲೆಂದಾದರೂ ಸಾಯಬೇಕಿತ್ತು ಅವಳು. ಅಂಥ ಮಾತಿಗೆ ಒಂದು ಕಾಲವಿರುತ್ತಿತ್ತು. ನಾಳೆ, ಮತ್ತೊಂದು ನಾಳೆ, ಇನ್ನೊಂದು ನಾಳೆ, ದಿನದಿಂದ ದಿನಕ್ಕೆ ಪುಟ್ಟ ಹೆಜ್ಜೆಯಲ್ಲಿ ತೆವಳುತ್ತವೆ, ಕಾಲ ಬರೆದಿಟ್ಟ ಕಟ್ಟಕಡೆಯ ಅಕ್ಷರದವರೆಗೆ.’ ‘ಆಮೇಲೆಂದಾದರೂ’ ಎಂದು ನಾನು ಬರೆದ ಕಡೆ ಮೂಲದಲ್ಲಿರುವ ಪದ ‘ಹಿಯರ್‌ಆಫ್ಟರ್.’ ‘ಮುಂದೆ ದೊರೆಯಾಗುವವನೇ’ ಎಂದು ಮಾಟಗಾತಿ ಕೂಗಿದ ಪದ ಅದು. ಓಲೆ ಓದಿ ಹೆಂಡತಿ ಅವನನ್ನು ಸ್ವಾಗತಿಸಿದಾಗ ಬಳಸಿದ ಪದವೂ ಅದೇ. ಇಬ್ಬರೂ ಕೂಡಿ ಆಸೆಪಟ್ಟ ‘ಮುಂದೆ’ ಈಗ ಅವಳಿಲ್ಲದೆ ಅವನೊಬ್ಬನ ಮುಂದೆ ಕೊನೆಯಿಲ್ಲದೆ ಬಿದ್ದುಕೊಂಡಿದೆ. ಅಳಲಿಕ್ಕೂ ಅವನಿಗೆ ಹೊತ್ತಿಲ್ಲ, ಹೊರಗೆ ಕಾಡು ಬರುತ್ತಿದೆ. ಈ ಸಾಲುಗಳನ್ನು ತರಗತಿಯಲ್ಲಿ ಓದುವಾಗ ಪ್ರತಿಸಲವೂ ನನ್ನ ದನಿ ತಗ್ಗಿದೆ. ಕೊಲೆಗಾರನ ಬಗ್ಗೆ ಮರುಕಪಡಬೇಕೆಂದು ನಾಟಕ ನಮ್ಮನ್ನು ಕೇಳುವುದಿಲ್ಲ. ಅವನು ನೋಡಿದ್ದನ್ನು ಅವನ ಕಣ್ಣಿನಿಂದಲೇ ನಾವು ನೋಡಿರುತ್ತೇವೆ, ಅಷ್ಟೇ; ಆಮೇಲೆ ಅವನನ್ನು ಹೊರಗಿನವನೆಂದು ಭಾವಿಸಲು ನಮಗೆ ಆಗುವುದಿಲ್ಲ.

ಮಗಳಿಗೆ ಒಂದು ಕೆಲಸ ಹೇಳಿ. ಪ್ರತಿಮೆಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ನಾಟಕದ ಕೊನೆಯ ಎರಡು ಪುಟಗಳಲ್ಲಿ ‘ಟೈಮ್’ ಎಂಬ ಪದ ಬಂದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯಲಿ. ಮ್ಯಾಕ್‌ಬೆತ್ತನ ತಲೆಯನ್ನು ಹಿಡಿದು ಬಂದ ಮ್ಯಾಕ್‌ಡಫ್, ‘ಕಾಲ ಬಿಡುಗಡೆಯಾಯಿತು’ ಎನ್ನುತ್ತಾನೆ. ಹೊಸ ದೊರೆ ಮಾಲ್ಕಂ ಇನ್ನು ಮಾಡಬೇಕಾದ ಕೆಲಸಗಳ ಬಗ್ಗೆ ಹೇಳುವಾಗ ಅವನ್ನು ‘ಕಾಲದ ಜೊತೆಗೆ ಹೊಸದಾಗಿ ನೆಡಬೇಕಾದವು’ ಎಂದು ಕರೆಯುತ್ತಾನೆ. ಆಮೇಲೆ ಮೊದಲ ಅಂಕದ ನಾಲ್ಕನೆಯ ದೃಶ್ಯಕ್ಕೆ ಹಿಂತಿರುಗಿ, ಅವನ ಅಪ್ಪ ಡಂಕನ್ ಬಳಸಿದ ಕ್ರಿಯಾಪದ ಯಾವುದೆಂದು ಅವಳೇ ನೋಡಲಿ.